ಅಣಬೆ, ಎಮ್ಮೆ ಮತ್ತು ನಮ್ಮ ಅತ್ತೆ

ಅಣಬೆಯಿಂದ ಚಿತ್ರ ಮಾಡುವವಳು ಅಂತ ಊರಲ್ಲಿ ಒಮ್ಮೆ ಹೆಸರು ಬಿತ್ತೆಂದರೆ ಮುಗಿಯಿತು, ಆಮೇಲೆ ಯಾರೂ ನಿಮ್ಮ ಮನೆಗೆ ಹೂವು ಹಣ್ಣು ತರುವುದಿಲ್ಲ. ಕೊಳೆತ ಕೊಂಬೆ ತರುತ್ತಾರೆ. ಬಚ್ಚಲ ಗೋಡೆಗೆ ಹತ್ತಿದ ಬೂಷ್ಟಿನ ಫೋಟೋ ಹೊಡೆದು, ಬೆಳಗಿನ ಶುಭೋದಯದ ಜೊತೆ ವಾಟ್ಸಪ್ಪಿನಲ್ಲಿ ಕಳಿಸುತ್ತಾರೆ. ಇಂಥವು ನನಗೆ ಆಗುತ್ತಲೇ ಇರುತ್ತವೆ.

ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ನಾನು. ಮಕ್ಕಳಿಗೆ ಕಲಿಸುವುದು ಕೊಡ, ಮಾವಿನಕಾಯಿ, ಎರಡು ಗುಡ್ಡದ ನಡುವಿನ ಸೂರ್ಯ. ಮನೆಯಲ್ಲಿ ನನಗಾಗಿ ಮಾಡಿಕೊಳ್ಳುವುದು ಬೇರೆ. ತಂಗಡಿ ಹೂವಿನಿಂದ ಹಳದಿ ತೆಗೆಯುತ್ತೇನೆ, ಬೇಲಿಯ ಎಲೆಗಳನ್ನು ಒತ್ತಿ ಒಣಗಿಸಿ ಅಂಟಿಸುತ್ತೇನೆ. ಎಲ್ಲಕ್ಕಿಂತ ಪ್ರೀತಿ ಅಣಬೆಯ ಮೇಲೆ, ಯಾಕೆಂದರೆ ಅಣಬೆ ತನ್ನ ಚಿತ್ರವನ್ನು ತಾನೇ ಬರೆಯುತ್ತದೆ. ಬಲಿತ ಅಣಬೆಯ ಕೊಡೆಯನ್ನು ಹಾಳೆಯ ಮೇಲೆ ಇಟ್ಟು, ಬಟ್ಟಲು ಮುಚ್ಚಿ, ಸುಮ್ಮನೆ ಬಿಡಬೇಕು. ಕೊಡೆಯ ಅಡಿಯ ಪದರಗಳಿಂದ ಹಿಟ್ಟಿನಂಥ ಪುಡಿ ಉದುರಿ, ಹಾಳೆಯ ಮೇಲೆ ಗೆರೆ ಗೆರೆಯಾದ ಒಂದು ಚಕ್ರ ಮೂಡುತ್ತದೆ. ಒಂದೊಂದು ಅಣಬೆಯದು ಒಂದೊಂದು ಬಣ್ಣ.

ನನ್ನ ಹತ್ತಿರ ಕಂದು, ಕಪ್ಪು, ಬಿಳಿ ಎಲ್ಲ ಇದ್ದವು. ಗುಲಾಬಿ ಇರಲಿಲ್ಲ. ಗುಲಾಬಿ ಕೊಡುವುದು ಹುತ್ತದ ಮೇಲೆ ಏಳುವ ದೊಡ್ಡ ಬಿಳಿ ಅಣಬೆ. ಆ ಒಂದು ಚಕ್ರಕ್ಕಾಗಿ ನಾನು ಅರ್ಧ ಆಯುಷ್ಯ ಕಾದಿದ್ದೇನೆ. ನಡುವೆ ನಿಮಗೆ ನಗು ಬಂದರೆ ನಗಿ, ನನ್ನದೇನೂ ಅಡ್ಡಿಯಿಲ್ಲ.

ಗೋಡೆಯಾಚೆಯ ಎಮ್ಮೆ

ನಮ್ಮ ಮನೆಯವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮದುವೆಯಾದ ಮೇಲಿನ ಮೊದಲ ಮಳೆಗಾಲ. ಚೋರನೂರಿನಲ್ಲಿರುವ ತಮ್ಮ ಸೋದರಮಾವನ ಮನೆಗೆ ಹೋಗಿದ್ದವರು ಬೆಳಿಗ್ಗೆ ಅಲ್ಲಿಂದಲೇ ಶಿಫ್ಟಿಗೆ ಹೋಗಿ, ಸಂಜೆ ಮನೆಗೆ ಬಂದರು. ಬಂದವರೇ ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಅಣಬಿ ಚಿತ್ರ ಬರೀತೈತಿ ಅಂದಿದ್ದಿಯಲ್ಲ, ಬರಸು ನೋಡೋಣ" ಅಂದರು. ಮುಚ್ಚಳ ತೆಗೆದರೆ, ಡಬ್ಬಿ ತುಂಬ ಒಂದೇ ಒಂದು ಬಿಳಿ ಅಣಬೆ, ಬೆಳಿಗ್ಗೆ ಹುತ್ತದಿಂದ ಕಿತ್ತದ್ದು. ನನಗೆ ಆಗ ಆದ ಸಂತೋಷಕ್ಕೆ ಬಂಗಾರದ ಬಳೆ ಕೊಟ್ಟಿದ್ದರೂ ಸಮವಾಗುತ್ತಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ನಮ್ಮದು ಅಣಬೆಯನ್ನು ಮಾಂಸದ ಲೆಕ್ಕಕ್ಕೆ ಸೇರಿಸಿದ ಮನೆ.

"ಲಿಂಗಪೂಜಿ ಆಗೋ ಮನಿಯೊಳಗ ಏನು ತಂದಿಯಲೇ ಇದು?"

"ತಿನ್ನಾಕ ಅಲ್ಲಬೇ. ಇಕಿ ಚಿತ್ರ ಬರೀತಾಳ."

"ಬರ್ಯಾಕ ಬದನಿಕಾಯಿ ಇಲ್ಲೇನು ಮನ್ಯಾಗ?"

ಅತ್ತೆ ಇಕ್ಕಳ ತಂದರು. ಅಣಬೆಯನ್ನು ಇಕ್ಕಳದಲ್ಲಿ ಹಿಡಿದು, ಹಿತ್ತಲ ಗೋಡೆಯಾಚೆ ಪಕ್ಕದ ಮನೆಯ ಎಮ್ಮೆಗೆ ಎಸೆದರು. ಆಮೇಲೆ ಡಬ್ಬಿಯನ್ನು ಹಿತ್ತಲಿಗೆ ಒಯ್ದು ಬೂದಿ ಹಚ್ಚಿ ತಿಕ್ಕಲು ಕೂತರು. "ಈ ಡಬ್ಬಿ ಇನ್ನ ಯಾರೂ ಮುಟ್ಟಬ್ಯಾಡ್ರಿ, ಇದನ್ನ ನಾನ ತಿಕ್ತೀನಿ" ಅಂತ ಹುಕುಂ ಹೊರಟಿತು. ಅಂದಿನಿಂದ ಮಗನ ಡಬ್ಬಿ ತೊಳೆಯುವುದು ಅವರ ಪಾಲಿನ ಕೆಲಸವಾಯಿತು.

ನಾನು ಮುಖ ಊದಿಸಿಕೊಂಡು ಕೂತೆ. ಇವರು ಪಕ್ಕಕ್ಕೆ ಬಂದು, "ಹೋಗ್ಲಿ ಬಿಡು, ಮುಂದಿನ ಮಳಿಗೆ ಮತ್ತ ತರ್ತೀನಿ" ಅಂದರು.

ಮರುದಿನ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿ ಕೇಳಿದರು: "ನಿಮ್ಮತ್ತಿ ನಿನ್ನೆ ನಮ್ಮ ಎಮ್ಮಿಗೆ ಏನು ಹಾಕಿದ್ರವಾ? ಮೇವು ಮೂಸವಲ್ದು. ಮುಂಜಾನಿಂದ ನಿಮ್ಮ ಗ್ವಾಡಿನ ನೋಡಕೊಂತ ನಿಂತೈತಿ."

ಹಾಗೆ ಆ ಅಣಬೆಗಾಗಿ ಕಾಯುವವರು ಇಬ್ಬರಾದೆವು, ಗೋಡೆಯ ಆಚೆಗೊಬ್ಬರು, ಈಚೆಗೊಬ್ಬರು.

ಒಗೆದ ಸಾಕ್ಸು

ಇವರು ಮಾತಿಗೆ ತಪ್ಪುವ ಆಸಾಮಿಯಲ್ಲ. ಆದರೆ ಗುರುತು ಹಿಡಿಯುವುದರಲ್ಲಿ ಸೊನ್ನೆ. ಮಳೆ ಬಿದ್ದರೆ ಸಾಕು, ರಜೆಯ ದಿನ ಸಂಡೂರಿನ ಗುಡ್ಡದ ಕಡೆಗೆ, ಕೆಲಸದ ದಿನ ಕಾರ್ಖಾನೆಯ ಆಸುಪಾಸಿಗೆ ಕಣ್ಣು ಹಾಯಿಸುತ್ತಿದ್ದರು. ಡಬ್ಬಿಯಲ್ಲಿ ಏನಾದರೊಂದು ಬರುತ್ತಿತ್ತು. ಕಿವಿಯಂಥ ಅಣಬೆ, ಚೆಂಡಿನಂಥ ಅಣಬೆ, ಗುಂಡಿಯಷ್ಟು ಸಣ್ಣ ಅಣಬೆ. ಒಮ್ಮೆ ಥರ್ಮಕೋಲ್ ತುಂಡು ಬಂತು. "ದೂರದಿಂದ ಥೇಟ್ ಹಂಗ ಕಂಡಿತ್ತಲೇ" ಅಂದರು. ಅತ್ತೆಯ ಕಣ್ಣು ತಪ್ಪಿಸಿ ನಾನು ಅವನ್ನೆಲ್ಲ ಮಹಡಿಗೆ ಸಾಗಿಸುತ್ತಿದ್ದೆ. ಡಬ್ಬಿ ಮಾತ್ರ ಅತ್ತೆಯ ಬೂದಿಗೆ ಹೋಗುತ್ತಿತ್ತು.

ಒಂದು ಸಂಜೆ ಜಾಲರಿಯ ಫ್ರಾಕು ತೊಟ್ಟಂತಿರುವ ಅಣಬೆಯೊಂದು ಅವರಿಗೆ ಸಿಕ್ಕಿತು. ನೋಡಲು ಮದುಮಗಳು, ವಾಸನೆ ಮಾತ್ರ ಸತ್ತ ಇಲಿಯದು. ಅದನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಂಪನಿ ಬಸ್ಸಿನಲ್ಲಿ ಕೂತರು. ಬಸ್ಸು ಗೇಟು ದಾಟುವಷ್ಟರಲ್ಲಿ ಗಲಾಟೆ ಶುರುವಾಯಿತಂತೆ.

"ಯಾರಲೇ ಅವ ಬೂಟು ಬಿಚ್ಚಿದಂವ?"

ಶಿಫ್ಟು ಮುಗಿಸಿ ಬಂದ ಕಾಲುಗಳು, ಯಾರಿಗೂ ತಮ್ಮ ಬೂಟಿನ ಮೇಲೆ ಪೂರ್ತಿ ನಂಬಿಕೆಯಿಲ್ಲ. ಎಲ್ಲರೂ ಬಗ್ಗಿ ತಮ್ಮ ತಮ್ಮ ಕಾಲು ನೋಡಿಕೊಂಡರು. ಡ್ರೈವರ್ ಗಾಡಿ ನಿಲ್ಲಿಸಿ, "ಯಾರದಾವೋ ಅವ್ರು ಒಪ್ಪಿಕೊಳ್ರಿ, ಹಿಂಗಾದ್ರ ನಾ ಗಾಡಿ ಹೊಡ್ಯಂಗಿಲ್ಲ" ಅಂದ. ಕೊನೆಗೆ ಹಿಂದಿನ ಸೀಟಿನ ವೆಲ್ಡರ್ ಒಬ್ಬ, ಪಾಪ, ತನ್ನವೇ ಇರಬೇಕು ಅಂತ ಎರಡೂ ಬೂಟುಗಳನ್ನು ಕಿಟಕಿಯ ಹೊರಗೆ ಹಿಡಿದುಕೊಂಡು ಹೊಸಪೇಟೆಯ ತನಕ ಬಂದನಂತೆ.

"ನೀವು ಬಾಯಿ ಬಿಡಬಾರದಿತ್ತೇನ್ರಿ?" ಅಂತ ನಾನು ಕೇಳಿದೆ.

"ಬಾಯಿ ಬಿಟ್ಟಿದ್ರ ಡಬ್ಬಿ ಹೊರಗ ಒಗೀತಿದ್ರು. ನಿನಗೇನು ತರ್ತಿದ್ದೆ?"

ಯಾರೂ ನನಗೆ ಹಾಗೆ ಅಂದದ್ದಿಲ್ಲ, ಅದಕ್ಕಿಂತ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಮರುದಿನ ಇಡೀ ಬಸ್ಸು ಒಗೆದ ಸಾಕ್ಸು ಹಾಕಿಕೊಂಡು ಬಂದಿತ್ತಂತೆ.

ಕಂಪ್ಲಿಯ ಗೋಡೆ

ಒಂದು ಬೇಸಿಗೆಯಲ್ಲಿ ಇವರು, ಎದೆ ಹಿಡಿದಂಗಾಗೈತಿ ಅಂತ ಕುರ್ಚಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆ ವರ್ಷ ಮಳೆ ಬಹಳ ಚೆನ್ನಾಗಿ ಬಂತು. ನನಗೆ ಆ ಮಳೆಯ ಮೇಲೆ ವಿಪರೀತ ಸಿಟ್ಟು ಬಂದಿತ್ತು.

ಸುಮ್ಮನೆ ಕೂರಲಾಗದೆ ಕೆಲಸ ಹಚ್ಚಿಕೊಂಡೆ. ಆಗಲೇ ಕಂಪ್ಲಿಯ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು ಹೊಸ ಆಫೀಸಿನ ಗೋಡೆಗೆ ಒಂದು ದೊಡ್ಡ ಚಿತ್ರ ಬೇಕೆಂದರು. "ಎಲ್ಲಾರ ಆಫೀಸಿನ್ಯಾಗೂ ಓಡೋ ಕುದುರಿ ಅದಾವ್ರಿ ಟೀಚರ್, ನನಗ ಬ್ಯಾರೆ ಏನರ ಮಾಡಿ ಕೊಡ್ರಿ" ಅಂದರು. ನಾನು ಒಣಗಿದ ಮರದ ಮೇಲೆ ಅಂತಸ್ತು ಅಂತಸ್ತಾಗಿ ಬೆಳೆದ ಅಣಬೆಗಳನ್ನು ಜೋಡಿಸಿ, ನಡುವೆ ಕಾಲುವೆ ದಂಡೆಯ ಹುಲ್ಲು, ಭತ್ತದ ತೆನೆ ಇಟ್ಟು ಒಂದು ಚೌಕಟ್ಟು ಮಾಡಿದೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಂಪ್ಲಿಗೆ ಹೋದೆ. ದಾರಿಯುದ್ದಕ್ಕೂ ಕಿಟಕಿಯಿಂದ ಹುತ್ತ ಹುಡುಕುತ್ತಿದ್ದೆ. ತರುತ್ತೇನೆ ಅಂದವರು ಇಲ್ಲ, ಕಾಯುವ ಚಾಳಿ ಮಾತ್ರ ಉಳಿದುಬಿಟ್ಟಿತ್ತು.

ಸಾಹುಕಾರರು ಚಿತ್ರವನ್ನು ಗೋಡೆಗೆ ಹಿಡಿದು ಹಿಂದೆ ಸರಿದು ನೋಡಿದರು. "ಮಸ್ತ್ ಆಗೈತ್ರಿ. ಏನಿದು, ಚಿಪ್ಪೇನು?"

"ಅಣಬೆ."

ಅವರ ಮುಖ ಇಳಿದು ಹೋಯಿತು. "ಅಣಬಿ ಅಂದ್ರ, ಬೂಷ್ಟಿನ ಜಾತಿ ಅಲ್ರಿ ಅದು?"

"ಹೌದು, ಒಂದೇ ಬಳಗ."

ಅವರು ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಟೀಚರ್, ಇದು ಅಕ್ಕಿ ಗಿರಣಿ. ಗಿರಾಕಿ ಒಳಗ ಬಂದ ಕೂಡಲೇ ಗ್ವಾಡಿ ಮ್ಯಾಲೆ ಬೂಷ್ಟು ಕಂಡ್ರ ಚೀಲದಾಗ ಏನೈತೆಂತ ತಿಳಕೊಂತಾನ?"

ವಾಪಸು ಒಯ್ಯುತ್ತೇನೆ ಅಂದರೆ ಒಪ್ಪಲಿಲ್ಲ. ಕಲೆಗೆ ಅವಮಾನ ಮಾಡಬಾರದು ಅಂದರು. ಕೆಲವು ದಿನಗಳ ನಂತರ ಗೊತ್ತಾಯಿತು, ಆ ಚಿತ್ರವನ್ನು ಹೂವಿನ ಹಾರ ಹಾಕಿ, ಎದುರು ಗಿರಣಿಯ ಸಾಹುಕಾರರ ಹೊಸ ಆಫೀಸಿಗೆ ಉಡುಗೊರೆಯಾಗಿ ಕೊಟ್ಟಿದ್ದರು.

ರಾಣಿ ಕೂತ ಬಂಡೆ

ತಂಗಡಿ ಹೂವಿಗಾಗಿ ನಾನು ಹಂಪಿಗೆ ಹೋಗುತ್ತೇನೆ. ಜನ ಗುಡಿಗಳ ಕಡೆ ನಡೆದರೆ ನಾನು ಬೇಲಿಗಳ ಕಡೆ. ಒಂದು ಮಧ್ಯಾಹ್ನ ಚೀಲ ತುಂಬಿಸಿಕೊಂಡು, ಬಂಡೆಯೊಂದರ ನೆರಳಿನಲ್ಲಿ ಕೂತಿದ್ದೆ. ಒಬ್ಬ ಗೈಡು ನಾಲ್ಕಾರು ಪ್ರವಾಸಿಗಳನ್ನು ಕರೆದುಕೊಂಡು ಬಂದ. ಅವರಲ್ಲೊಬ್ಬಾಕೆ ನನ್ನ ಚೀಲ ನೋಡಿ ಏನೋ ಕೇಳಿದಳು. ಗೈಡು ನನ್ನ ಕಡೆ ತಿರುಗಿದ. "ಏನು ಹುಡುಕಾಕತ್ತೀರಿ ಅಂತ ಕೇಳ್ತಾರ್ರಿ ಮೇಡಂ."

ಹೂವು ಅಂದಿದ್ದರೆ ಮುಗಿಯುತ್ತಿತ್ತು. ಅಪರಿಚಿತರ ಮುಂದೆ ಮನಸ್ಸು ಸಡಿಲವಾಗುತ್ತದೆ. "ನಮ್ಮ ಮನೆಯವರು ಒಂದು ಅಣಬೆ ತರ್ತೀನಿ ಅಂದಿದ್ದರು. ತರೋಕೆ ಮುಂಚೆ ಹೋಗಿಬಿಟ್ಟರು. ಎಲ್ಲಿ ಹೋದರೂ ಅದನ್ನೇ ಹುಡುಕ್ತೀನಿ" ಅಂದೆ.

ಗೈಡು ಕೈ ಎತ್ತಿ, ದೂರದ ಕೋಟೆ ತೋರಿಸಿ, ಬಂಡೆ ತೋರಿಸಿ, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ನಾನು ಹೇಳಿದ್ದು ಅಷ್ಟೊಂದು ಇರಲಿಲ್ಲ. ಆ ಹೆಂಗಸು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು ಹೋದಳು.

ಮುಂದಿನ ಸಲ ಅದೇ ಬಂಡೆಗೆ ಹೋಗಿ ಕೂತೆ. ಅದೇ ಗೈಡು ಹೊಸ ಗುಂಪಿನ ಜೊತೆ ಬಂದ. ಈ ಸಲ ಕನ್ನಡದವರೇ. ದೂರದಿಂದಲೇ ಕತೆ ಕೇಳಿಸುತ್ತಿತ್ತು: "ಯುದ್ಧಕ್ಕೆ ಹೊಂಟ ರಾಜ, ಬರ್ತಾ ನಿನಗೊಂದು ಕಾಣಿಕಿ ತರ್ತೀನಿ ಅಂದ್ನಂತ್ರಿ. ಬರಲಿಲ್ಲ. ರಾಣಿ ಕಡೀತನಾ ಇದ ಬಂಡಿ ಮ್ಯಾಲೆ ಕಾದ್ಳು." ಕತೆ ಸುಳ್ಳು, ಕಾದದ್ದು ಮಾತ್ರ ಖರೆ.

ಗೈಡು ಹತ್ತಿರ ಬಂದ. ನನ್ನ ಗುರುತು ಹತ್ತಲಿಲ್ಲ. "ಸ್ವಲ್ಪ ಏಳ್ರಿ ಮೇಡಂ. ಹಂಗ ಯಾರ್ಯಾರೋ ಕುಂದರೋ ಹಂಗಿಲ್ಲ ಇಲ್ಲಿ, ರಾಣಿ ಕುಂತ ಜಾಗ ಇದು."

ಮಗನ ಪಾಲು

ನಾಗರ ಪಂಚಮಿಗೆ ಅತ್ತೆ ಪ್ರತಿ ವರ್ಷ ಚೋರನೂರಿಗೆ ಹೋಗುತ್ತಾರೆ. ಅಷ್ಟು ವಯಸ್ಸಾದರೂ ತವರಿನ ಹುತ್ತಕ್ಕೇ ಹಾಲೆರೆಯಬೇಕು. ಇವರು ಹೋದ ಮೇಲೆ ಜೊತೆಗೆ ನಾನು ಹೋಗುತ್ತೇನೆ. ನಮ್ಮ ಕಡೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಹಾಕುತ್ತಾರೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ. ಅತ್ತೆ ಈಗಲೂ ಮಗನ ಪಾಲು ಬಿಡುವುದಿಲ್ಲ. ಅಷ್ಟರ ಮಟ್ಟಿಗೆ ನಾವಿಬ್ಬರೂ ಒಂದೇ ಜಾತಿಯ ಹುಚ್ಚಿಯರು.

ಕಳೆದ ಪಂಚಮಿಯಲ್ಲಿ ನಾವು ಹುತ್ತದ ಹತ್ತಿರ ಹೋಗುವಷ್ಟರಲ್ಲಿ ಹೆಂಗಸರ ಗುಂಪು ಕಟ್ಟಿತ್ತು. "ನಾಗಪ್ಪ ಹೆಡಿ ಬಿಚ್ಯಾನ ನೋಡ ಬರ್ರಿ" ಅಂತ ಒಬ್ಬಾಕೆ ಕರೆದಳು. ನುಗ್ಗಿ ನೋಡಿದೆ. ಹುತ್ತದ ಹೆಗಲ ಮೇಲೆ, ಆಗಷ್ಟೇ ಬಿಚ್ಚಿಕೊಂಡ ಒಂದು ದೊಡ್ಡ ಬಿಳಿ ಅಣಬೆ. ಅಷ್ಟರಲ್ಲೇ ಅದಕ್ಕೆ ಅರಿಷಿಣ ಕುಂಕುಮ ಬಿದ್ದಿತ್ತು, ಹತ್ತಿಯ ಗೆಜ್ಜೆವಸ್ತ್ರ ಏರಿತ್ತು. ಒಬ್ಬ ಮುದುಕಿ ಉಂಡಿಯನ್ನೂ ಮುಂದಿಟ್ಟಿದ್ದಳು.

ಅತ್ತೆಯ ಕಿವಿಯಲ್ಲಿ ಹೇಳಿದೆ: "ಅತ್ತೀ, ಅದು ಅದಾ ಅಣಬಿ."

"ಯಾವುದು?"

"ಅವ್ರು ಮೊದಲ್ನೇ ಮಳಿಗಾಲದಾಗ ತಂದಿದ್ದು. ನೀವು ಎಮ್ಮಿಗೆ ಹಾಕಿದ್ದು."

ಅತ್ತೆ ಅಣಬೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಧೈರ್ಯ ಮಾಡಿ ಗುಂಪಿಗೆ ಹೇಳಿದೆ, ಇದು ಅಣಬೆ, ನನಗೆ ಬೇಕು ಅಂತ. ಅತ್ತೆಯ ಅತ್ತಿಗೆ ನನ್ನ ಮೇಲೆ ಹರಿಹಾಯ್ದರು. "ಪಂಚಮಿ ದಿನ ಕಾಯಿಪಲ್ಲೆ ಸುದ್ದಾ ಹೆಚ್ಚಂಗಿಲ್ಲ, ನೆಲ ಕೆದರಂಗಿಲ್ಲ. ಹುತ್ತದ ಮ್ಯಾಲಿಂದ ಕೀಳಾಕ ನಿಂತಿಯೇನವಾ? ಬೇಕಂದ್ರ ನಾಳೆ ತಗೋ."

ನಾಳೆಯ ಹೊತ್ತಿಗೆ ಅದು ಹುಳ ಹಿಡಿದು ಕರಗಿ ಹೋಗುತ್ತದೆ. ನನಗೆ ಅದು ಗೊತ್ತು, ಅವರಿಗೆ ಹೇಗೆ ತಿಳಿಸುವುದು? ಅಷ್ಟು ವರ್ಷ ಕಾದದ್ದು ಒಂದು ಮೊಳ ದೂರದಲ್ಲಿ ನಿಂತಿದೆ, ಮುಟ್ಟುವಂತಿಲ್ಲ. ಸೀರೆಯ ಸೆರಗು ಬಾಯಿಗೆ ಹಿಡಿದುಕೊಂಡು ಅಳತೊಡಗಿದೆ.

ಅತ್ತೆ ತಂಬಿಗೆ ಎತ್ತಿಕೊಂಡು ಮುಂದೆ ಹೋದರು. "ದೇವರ ಪಾಲು" ಅಂತ ಒಂದು ಹನಿ ಬಿಟ್ಟರು. "ಗುರುವಿನ ಪಾಲು" ಅಂತ ಇನ್ನೊಂದು ಹನಿ. ಆಮೇಲೆ "ಮಗನ ಪಾಲು" ಅಂದವರೇ, ತಂಬಿಗೆಯನ್ನು ಅಣಬೆಯ ಬುಡಕ್ಕೆ ಪೂರ್ತಿ ಬಗ್ಗಿಸಿದರು. ತಂಬಿಗೆ ಬರಿದಾಯಿತು. ಪಕ್ಕದವಳ ಕೈಯಿಂದ ಅವಳ ತಂಬಿಗೆ ಕಿತ್ತುಕೊಂಡು, ಮತ್ತೆ "ಮಗನ ಪಾಲು" ಅಂದರು. ಅದೂ ಬುಡಕ್ಕೆ. ಮತ್ತೊಬ್ಬಳದು. ಮತ್ತೆ ಮಗನ ಪಾಲು.

"ಯಾಕವಾ, ಎಲ್ಲಾ ಹಾಲು ಒಂದ ಕಡೆ ಸುರಿಯಾಕತ್ತಿ?" ಅಂತ ಅತ್ತಿಗೆ ಗಾಬರಿಯಾದರು.

"ನನ್ನ ಮಗ ಹಾಲು ಭಾಳ ಕುಡೀತಿದ್ದ."

ಹುತ್ತದ ಮಣ್ಣು ನೆನೆಯಿತು, ಕರಗಿತು, ಜಾರಿತು. ಅಣಬೆ ಒಂದು ಕಡೆ ವಾಲಿತು. ಅತ್ತೆ ಸೆರಗು ಒಡ್ಡಿದರು. ಗೆಜ್ಜೆವಸ್ತ್ರದ ಸಮೇತ ಅದು ಅವರ ಸೆರಗಿಗೆ ಬಂದು ಬಿತ್ತು.

"ಎಲ್ಲಾರೂ ನೋಡೀರಿ. ನಾ ಕಿತ್ತಿಲ್ಲ, ಕೊಯ್ದಿಲ್ಲ, ನೆಲ ಕೆದರಿಲ್ಲ. ತಾನ ಬಿದ್ದೈತಿ. ಮಗನ ಪಾಲಿನ ಹಾಲಿಗೆ ಬಿದ್ದಿದ್ದು, ಮಗನ ಪಾಲಿಂದು."

ನಾಗಪ್ಪನೇ ಕೊಟ್ಟ ಮೇಲೆ ಯಾರು ಏನು ಹೇಳುತ್ತಾರೆ? ಅತ್ತೆ ನನ್ನ ಕಡೆ ತಿರುಗಿ, "ಉಡಿ ಒಡ್ಡು" ಅಂದರು. ಇವರು ಹೋದ ಮೇಲೆ ನನ್ನ ಉಡಿಗೆ ಯಾರೂ ಏನೂ ಹಾಕಿರಲಿಲ್ಲ. ಅಂದು ಇಕ್ಕಳದಲ್ಲಿ ಹಿಡಿದಿದ್ದನ್ನು ಬರಿಗೈಯಲ್ಲಿ ಎತ್ತಿ ನನ್ನ ಉಡಿಗೆ ಹಾಕಿದರು.

ಹೊಸಪೇಟೆಗೆ ಬಂದು, ನಡುಮನೆಯಲ್ಲೇ ಕಪ್ಪು ಹಾಳೆ ಹಾಸಿ, ಅಣಬೆಯ ಕೊಡೆ ಇಟ್ಟು, ಬೋಗುಣಿ ಮುಚ್ಚಿದೆ. ಬೆಳಿಗ್ಗೆ ಅತ್ತೆಯ ಪೂಜೆ ಮುಗಿಯುವ ತನಕ ಕಾದು, ಅವರ ಎದುರಿಗೇ ತೆಗೆದೆ. ಗುಲಾಬಿ ಬಣ್ಣದ ಚಕ್ರ, ಒಂದು ಗೆರೆಯೂ ಒಡೆದಿರಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದಕ್ಕೇನ, ನೀ ಇಷ್ಟು ವರ್ಷ ಅತ್ತಿದ್ದು?"

"ಹೂನ್ರಿ."

"ಇದು ಡಬ್ಬಿ ತಳದಾಗ ಇತ್ತಲ್ಲ."

"ಯಾವ ಡಬ್ಬಿ?"

"ಅವನ ಊಟದ ಡಬ್ಬಿ. ಎಮ್ಮಿಗೆ ಹಾಕಿದ ದಿನ. ತಳದಾಗ ಹಿಂಗ ಗುಲಾಬಿ ಗೀರು ಗೀರು ಗುಂಡಗ ಮೂಡಿತ್ತು. ಆಮ್ಯಾಲೂ ಮಳಿಗಾಲದಾಗ ಒಮ್ಮೊಮ್ಮೆ ಇರತಿತ್ತು, ಕಂದು, ಕಪ್ಪು. ಎಂಥಾ ಹೊಲಸು ಕಟ್ಟಿಕೊಂಡು ಬರ್ತಾನೋ ಅಂತ ಬೈಕೊಂಡು, ಬೂದಿ ಹಚ್ಚಿ ಹಚ್ಚಿ ನಾನ ತಿಕ್ಕೀನಿ."

ಬೆಳಗಿನಿಂದ ಸಂಜೆಯ ತನಕ ಅಣಬೆ ಮುಚ್ಚಿದ ಡಬ್ಬಿಯಲ್ಲಿತ್ತು. ಮೂಡದೆ ಇನ್ನೇನು? ಅವರು ಅವತ್ತೇ ತಂದುಕೊಟ್ಟಿದ್ದರು. ಪ್ರತಿ ಮಳೆಗಾಲವೂ ತಂದುಕೊಡುತ್ತಲೇ ಇದ್ದರು. ನಾನು ಮಹಡಿಯ ಮೇಲೆ, ಚಿತ್ರ ಹಿತ್ತಲಿನ ಬೂದಿಯಲ್ಲಿ. ನನಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಅಳು. ಅತ್ತೆಗೂ ಹಾಗೆಯೇ ಆಯಿತು. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿ, "ಏನಾತ್ರವಾ?" ಅಂತ ಕೇಳುವಷ್ಟು ಜೋರಾಗಿ.

ಅಂದಿನಿಂದ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಬಹಳ ನಿಧಾನ. ಅತ್ತೆ ಯಾವುದನ್ನೂ ನನಗೆ ತೋರಿಸದೆ ತಿಕ್ಕುವುದಿಲ್ಲ. ನಿನ್ನೆಯೂ ಹಿತ್ತಲಿನಿಂದ ಕರೆದರು. ತಳ ಹತ್ತಿದ ಬೇಳೆಯ ಪಾತ್ರೆಯನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಒಮ್ಮೆ ಬಂದು ನೋಡಿ ಹೋಗವಾ. ಇದು ಸುಟ್ಟಿದ್ದೇನು, ಅವ ಏನರ ಕಳಿಸ್ಯಾನೇನು? ನೀ ಹೇಳೋತನಾ ನಾ ಬೂದಿ ಮುಟ್ಟಂಗಿಲ್ಲ."